ಕೋಡಿ ಬಿದ್ದ ದಿನ ಅವನಿಗೊಂದು ಮೆಸೇಜು

ಸಾವಿನ ಸುದ್ದಿ ಮುಟ್ಟಿಸುವುದು ನಮ್ಮ ಆದಿವಾಲದಲ್ಲಿ ಒಂದು ಕಾಲಕ್ಕೆ ಕಾಲಿನ ಕೆಲಸವಾಗಿತ್ತು. ಪೂನಾ ರಸ್ತೆಗೆ ಹೋಗಿ ನಿಂತರೆ ಬಸ್ಸು ಸಿಕ್ಕುವುದು, ಬಸ್ಸು ಹೋಗದ ಹಟ್ಟಿಗಳಿಗೆ ಸೈಕಲ್ಲು. ಸುದ್ದಿ ತಂದವನು ಒಳಗೆ ಬರುತ್ತಿರಲಿಲ್ಲ. ಅಂಗಳದಲ್ಲೇ ನಿಂತು, "ದೊಡ್ಡಯ್ಯ ಹೋಗ್ಬಿಟ್ರು, ಮೂರು ಗಂಟೆಗೆ ಮಣ್ಣು" ಅನ್ನುವನು. ಕೂತ್ಕೊಳಪ್ಪ ಅಂದರೂ ಕೂರದೆ ಮುಂದಿನ ಊರಿನ ದಾರಿ ಹಿಡಿಯುವನು. ಮನೆಯೊಳಗೆ ಹೆಂಗಸರು ಒಲೆ ಮೇಲಿನ ಪಾತ್ರೆ ಇಳಿಸಿ, ಸೀರೆ ಬದಲಿಸಿ, ಅರ್ಧ ಗಂಟೆಯಲ್ಲಿ ಹೊರಟಿರುವರು. ಬೇಸಿಗೆಯಲ್ಲಿ ಹೆಣ ಹೆಚ್ಚು ಹೊತ್ತು ಇಡುವ ಹಾಗಿರಲಿಲ್ಲ. ದೂರದವರು ಎಷ್ಟೋ ಸಲ ಮುಖ ನೋಡಲಾಗದೆ, ಗುದ್ದಿನ ಮೇಲೆ ಒಂದು ಹಿಡಿ ಮಣ್ಣು ಹಾಕಿ ಬರುತ್ತಿದ್ದರು.

ಈಗ ಆ ಕೆಲಸ ನಮ್ಮ ವಾಟ್ಸಾಪ್ ಗ್ರೂಪಿನದು. ಶಾಲೆಯಲ್ಲಿ ಒಟ್ಟಿಗೆ ಓದಿದವರು ಕಟ್ಟಿಕೊಂಡ ಗುಂಪು. ಆಮೇಲೆ ಹಿಂದಿನ ತರಗತಿಯವರು, ಮುಂದಿನ ತರಗತಿಯವರು, ಇಬ್ಬರು ಮೇಷ್ಟ್ರು, ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು ಎಲ್ಲ ಸೇರಿ ಅರ್ಧ ಊರೇ ಆಯಿತು. ಊರಲ್ಲಿ ಉಳಿದವರು ಕಡಿಮೆ. ಹೆಚ್ಚಿನವರು ಪೀಣ್ಯ, ನೆಲಮಂಗಲ, ದಾವಣಗೆರೆ, ಒಬ್ಬಿಬ್ಬರು ದುಬೈ. ಬೆಳಗಿನ ಜಾವ ಯಾರದೋ ಫೋಟೋ ಬಂತೆಂದರೆ, ಕೆಳಗಿನ ಸಾಲು ಓದುವ ಮುಂಚೆಯೇ ಎದೆಗೆ ಗೊತ್ತಾಗುತ್ತದೆ. ಗುಂಪಿನ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿದ ಮುಖ, ಪಕ್ಕದವರ ಭುಜದ ಒಂದು ತುಣುಕು ಅದರಲ್ಲಿ ಹಾಗೇ ಉಳಿದಿರುತ್ತದೆ. ಅದರ ಬೆನ್ನಿಗೇ ಕೈಮುಗಿದ ಚಿತ್ರಗಳ ಸಾಲು. ಓಂ ಶಾಂತಿ. ಓಂ ಶಾಂತಿ. ಬೆರಳೊತ್ತಿದರೆ ಮುಗಿಯಿತು, ಇದೂ ಒಂದು ದುಃಖವೇ ಎಂದು ಕೇಳುವವರಿದ್ದಾರೆ. ನಾನು ಆ ಮಾತು ಒಪ್ಪುವುದಿಲ್ಲ. ಹಿಂದೆ ಸಾವಿನ ಮನೆಗೆ ಬಂದ ಗಂಡಸರೆಲ್ಲ ಮಾತಾಡುತ್ತಿದ್ದರೇ? ಟವೆಲ್ಲು ಹೆಗಲಿಗೆ ಹಾಕಿಕೊಂಡು ಜಗಲಿ ಮೇಲೆ, ಬೇವಿನ ಮರದ ಕೆಳಗೆ ಸುಮ್ಮನೆ ಕೂತಿರುತ್ತಿದ್ದರು. ಭಜನೆಯವರು ಹಾಡುವರು, ಉರುಮೆಯವರು ಬಾರಿಸುವರು, ಉಳಿದವರ ಪಾಲಿಗೆ ಬಂದು ಕೂರುವುದಷ್ಟೇ ಕೆಲಸ. ಯಾರು ಬಂದರು ಎಂಬುದನ್ನು ಸತ್ತವರ ಮನೆಯವರು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಿದ್ದರು. ಈ ಕೈಮುಗಿದ ಸಾಲನ್ನೂ ಹಾಗೇ ಒಬ್ಬೊಬ್ಬರ ಹೆಸರು ಹಿಡಿದು ಓದುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಮೊದಲ ಮೆಸೇಜು ಒಬ್ಬನದೇ ಆಗಿರುತ್ತಿತ್ತು. ಮಾರಿಕಣಿವೆ ಡ್ಯಾಮಿನ ಮಟ್ಟ. ಇಷ್ಟು ಅಡಿ, ಒಳಹರಿವು ಇಷ್ಟು. ಶುಭೋದಯ ಇಲ್ಲ, ಹೂವಿನ ಚಿತ್ರ ಇಲ್ಲ. ಅವನಿಗೆ ಪಂಪ್‌ಸೆಟ್ ಮೋಟಾರು ಕಟ್ಟುವ ಕೆಲಸ. ತೋಟದವರು ಸುಟ್ಟ ಮೋಟಾರನ್ನು ಹಿಂದಿನ ಸಂಜೆ ತಂದು ಹಾಕಿದರೆ, ಕಪ್ಪಾದ ಸುರುಳಿಯನ್ನೆಲ್ಲ ಕಿತ್ತು, ಸಂದುಸಂದಿಗೂ ಕಾಗದ ಸೇರಿಸಿ, ಹೊಸ ತಾಮ್ರದ ತಂತಿಯನ್ನು ಸುತ್ತು ಎಣಿಸಿ ಎಣಿಸಿ ಕೂರಿಸುತ್ತಿದ್ದ. ಎಣಿಸುವಾಗ ಮಾತಾಡಿಸಿದರೆ ಕೈ ಎತ್ತಿ ತಡೆಯುವನು. ತುಟಿ ಮಾತ್ರ ಅಲ್ಲಾಡುತ್ತಿರುತ್ತಿತ್ತು. ಕಟ್ಟಿ ಮುಗಿಸಿ ವಾರ್ನಿಷ್ ಹೊಯ್ದು ಬಿಸಿಲಿಗಿಟ್ಟ ಮೇಲೆಯೇ, "ಈಗ ಹೇಳಪ್ಪ" ಅನ್ನುತ್ತಿದ್ದದ್ದು. ಅವನ ಅಂಗಿಗೆ, ಊಟದ ಡಬ್ಬಿಗೆ, ಕೊನೆಗೆ ಅವನು ಕೊಡುವ ಚಿಲ್ಲರೆ ನೋಟಿಗೂ ಆ ವಾರ್ನಿಷ್ ವಾಸನೆ.

ಡ್ಯಾಮಿನ ಮಟ್ಟ ಹಿರಿಯೂರು ಸೀಮೆಯವರಿಗೆ ಯಾಕೆ ಅಷ್ಟು ಮುಖ್ಯ ಅನ್ನುವುದನ್ನು ಹೊರಗಿನವರಿಗೆ ಹೇಳಬೇಕು. ಮಾರಿಕಣಿವೆಯ ಈ ವಾಣಿವಿಲಾಸ ಸಾಗರ ಮೈಸೂರು ಅರಸರು ಕಟ್ಟಿಸಿದ್ದು. 1897ರಲ್ಲಿ ಶುರುವಾದ ಕೆಲಸ 1907ಕ್ಕೆ ಮುಗಿಯಿತು. ತುಂಬಿದ ಮಟ್ಟ 130 ಅಡಿ. ವೇದಾವತಿ ಹರಿದು ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ತಲೆಮಾರುಗಳೇ ಕಳೆದರೂ ಬೀಳಲಿಲ್ಲ. ಆ ಕೋಡಿ ನೋಡಿದ್ದೆ ಅನ್ನುವ ಅಜ್ಜಂದಿರು ನಮ್ಮ ಬಾಲ್ಯದಲ್ಲಿ ಇದ್ದರು, ಅವನ ಅಜ್ಜನೂ ಒಬ್ಬ. ಬರದ ವರ್ಷಗಳಲ್ಲಿ ನೀರು ತಳ ಸೇರಿ, ಕೊಳವೆಬಾವಿ ಬತ್ತಿ, ತೆಂಗಿನ ಸುಳಿ ಒಣಗಿ ಬಾಗಿದಾಗಲೂ ಅವನ ಮೆಸೇಜು ತಪ್ಪಲಿಲ್ಲ. ವಾರಗಟ್ಟಲೆ ಒಂದೇ ಅಂಕಿ. "ಅದನ್ನೇ ದಿನಾ ಯಾಕ್ಲಾ ಹಾಕ್ತೀಯ?" ಅಂತ ಯಾರೋ ಕೇಳಿದ್ದಕ್ಕೆ ಅವನ ಉತ್ತರ: "ಇಳಿದಿಲ್ವಲ್ಲ, ಅದೇ ಸುದ್ದಿ." ಭದ್ರಾ ನೀರನ್ನು ಎತ್ತಿ ವೇದಾವತಿಗೆ ಬಿಡತೊಡಗಿದ ಮೇಲೆ ಅಂಕಿ ಮೇಲೇರಿತು. ಅವನ ಮೆಸೇಜೂ ಬೆಳಗಿನ ಆರು ಗಂಟೆಯಿಂದ ಐದಕ್ಕೆ ಬಂತು.

2021ರ ಮೇ ತಿಂಗಳಲ್ಲಿ ಅವನು ಹೋದ. ಕೊರೊನಾ ಎರಡನೇ ಅಲೆಯ ದಿನಗಳು. ಊರಿಂದೂರಿಗೆ ಹೋಗುವಂತಿಲ್ಲ, ಮಣ್ಣಿಗೆ ಬೆರಳೆಣಿಕೆಯ ಜನ. ಹೊರಲು ಹೆಗಲು ಸಾಕಾದವೋ ಇಲ್ಲವೋ ಎಂದು ದೂರದಲ್ಲಿ ಕೂತು ಲೆಕ್ಕ ಹಾಕಿದವರು ನಾವು. ಊರಿನಲ್ಲಿದ್ದ ಒಬ್ಬ ಹುಡುಗ ದೂರದಿಂದ ಹಿಡಿದ ವಿಡಿಯೋ ಗ್ರೂಪಿಗೆ ಬಂತು. ಬಿಳಿ ಉಡುಪಿನ ನಾಲ್ಕು ಜನ, ತೋಟದ ಬೇಲಿ, ಗಾಳಿಗೆ ಬೋರ್ ಎನ್ನುವ ಸದ್ದು. ಉರುಮೆ ಇಲ್ಲ, ಭಜನೆ ಇಲ್ಲ. ಹಾರ್ಮೋನಿಯಂ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ತಮ್ಮ ಮನೆಯಲ್ಲೇ ಪೆಟ್ಟಿಗೆ ತೆಗೆದು, ತಿದಿ ಒತ್ತುತ್ತ, ಒಂದು ತತ್ವಪದ ಹಾಡಿ ವಾಯ್ಸ್ ಮೆಸೇಜ್ ಹಾಕಿದರು. ಅದರ ಹಿಂದೆ ಇನ್ನೊಬ್ಬರದು. ರಾತ್ರಿ ಹನ್ನೆರಡಾದರೂ ಹಾಡುಗಳು ಬರುತ್ತಲೇ ಇದ್ದವು. ಪೀಣ್ಯದ ಶೆಡ್ಡಿನಿಂದ ಒಬ್ಬ, ದುಬೈಯಿಂದ ಒಬ್ಬ. ಸತ್ತವರ ಮನೆ ಮುಂದೆ ಬೆಳತನಕ ಭಜನೆ ಮಾಡುವುದು ನಮ್ಮ ಕಡೆಯ ಪದ್ಧತಿ. ಅವನಿಗೂ ಅದು ತಪ್ಪಲಿಲ್ಲ.

ಹನ್ನೊಂದನೇ ದಿನ ಕಳೆಯಿತು. ಅವನ ಹೆಸರು ಗ್ರೂಪಿನಲ್ಲಿ ಹಾಗೇ ಇತ್ತು, ತೆಗೆಯೋಣವೇ ಎಂದು ಯಾರೂ ಕೇಳಲಿಲ್ಲ. ಫೋನು ಅವನ ಮನೆಯಲ್ಲಿ ಚಾರ್ಜಿಲ್ಲದೆ ಬಿದ್ದಿತ್ತು. 120 ದಿನ ಬಳಕೆಯಾಗದ ಖಾತೆಯನ್ನು ವಾಟ್ಸಾಪ್ ಸಾಮಾನ್ಯವಾಗಿ ತಾನೇ ಅಳಿಸುತ್ತದೆ. ಹಾಗೆ ಅಳಿದಾಗ ಆ ನಂಬರು ಇದ್ದ ಗುಂಪುಗಳಿಂದೆಲ್ಲ ಹೊರಬೀಳುತ್ತದೆ. ಇದು ನಮಗೆ ಗೊತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ, ಪಕ್ಷದ ದಿನಗಳಲ್ಲೇ, ಅವನು ಗ್ರೂಪು ಬಿಟ್ಟನೆಂಬ ಸಣ್ಣ ಸಾಲೊಂದು ಮೂಡಿತು. ಮನೆಮನೆಯಲ್ಲೂ ಹಿರಿಯರಿಗೆ ಎಡೆ ಇಡುವ ಹೊತ್ತು ಅದು. ಎಡೆಯಲ್ಲಿ ಹೋದವರಿಗೆ ಇಷ್ಟವಾದದ್ದೆಲ್ಲ ಇರಬೇಕು, ಕರಿಗಡುಬಿನ ಪಕ್ಕ ಬೀಡಿ ಕಟ್ಟು, ಎಲೆಯಡಿಕೆ. ಹಿರಿಯರನ್ನು ವರ್ಷಕ್ಕೊಮ್ಮೆ ಮನೆಗೆ ಕರೆದು ಉಣಿಸುವ ದಿನಗಳಲ್ಲಿ ಇವನು ಬಿಟ್ಟುಹೋದ. "ಯಾಕ್ಲಾ ಬಿಟ್ಟೋದೆ?" ಎಂದು ನೆಲಮಂಗಲದವನು ಬರೆದ. ಅವತ್ತು ಇಡೀ ದಿನ ಅದೊಂದೇ ಮೆಸೇಜು. ಮೇ ತಿಂಗಳಲ್ಲಿ ಅಳದವರು ಅವತ್ತು ಅತ್ತರು.

ಮೊಬೈಲ್ ನಂಬರಿಗೂ ಒಂದು ನಿಯಮ ಇದೆ. ನಿಂತುಹೋದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವಂತಿಲ್ಲ. ಅದಾದ ಮೇಲೆ ಕೊಡಬಹುದು. ಅವನ ನಂಬರೂ ಯಾರಿಗೋ ಹೋಗಿದೆ. ನನ್ನ ಫೋನಿನಲ್ಲಿ ಅವನ ಹೆಸರಿನ ಎದುರಿಗೆ ಈಗ ಜಡೆ ಹಾಕಿದ ಪುಟ್ಟ ಹುಡುಗಿಯೊಬ್ಬಳ ಫೋಟೋ ಇದೆ, ಆ ಅಪರಿಚಿತರ ಮಗಳೇನೋ. ಚೆನ್ನಾಗಿರಲಿ. ಹೆಸರು ಮಾತ್ರ ನಾನು ಬದಲಿಸಿಲ್ಲ.

ಸತ್ತವರ ಜಾಗವನ್ನು ಏನು ಮಾಡಬೇಕೆಂಬುದು ಬದುಕಿರುವವರಿಗೆ ಹಳೆಯ ಪ್ರಶ್ನೆ. ಚಿತ್ರದುರ್ಗದ ಪಕ್ಕದ ತಮಟಕಲ್ಲಿನಲ್ಲಿ ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಕಲ್ಲಿನ ಮೇಲೆ ಬರೆಸಿದ ಪದ್ಯಗಳಿವೆ. ಗುಣಮಧುರ ಎಂಬೊಬ್ಬನ ಗುಣಗಾನ ಅದು. ಅವನನ್ನು ಹೊಗಳುವ ಮಾತು ಕಲ್ಲಿನಲ್ಲಿ ಉಳಿದಿದೆ. ನಮ್ಮ ಹೊಲಗಳ ಬದುವಿನಲ್ಲಿ ನಿಂತ ವೀರಗಲ್ಲುಗಳಲ್ಲೂ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಹೋದವನು ಏನು ಮಾಡುತ್ತಿದ್ದ ಅನ್ನುವುದಕ್ಕೆ ಮೊದಲ ಜಾಗ. ಫೇಸ್‌ಬುಕ್ಕಿನವರೂ ಇದೇ ಪ್ರಶ್ನೆ ಎದುರಿಸಿದರು. ಆ ಕಂಪನಿಯ ಭದ್ರತಾ ವಿಭಾಗ ನೋಡಿಕೊಳ್ಳುತ್ತಿದ್ದ ಮ್ಯಾಕ್ಸ್ ಕೆಲ್ಲಿ ಎಂಬವರ ಆಪ್ತ ಗೆಳೆಯ ಸೈಕಲ್ ಅಪಘಾತದಲ್ಲಿ ತೀರಿಕೊಂಡರು. ಗೆಳೆಯನ ಪುಟವನ್ನು ಏನು ಮಾಡುವುದು? ಅಳಿಸಲು ಮನಸ್ಸು ಬರಲಿಲ್ಲ. ಹೋದವರ ಪುಟವನ್ನು ನೆನಪಿಗಾಗಿ ಉಳಿಸುವ ಫೇಸ್‌ಬುಕ್ಕಿನ ಏರ್ಪಾಟಿನ ಬಗ್ಗೆ ಕೆಲ್ಲಿ 2009ರಲ್ಲಿ ಬರೆದರು. ಗೆಳೆಯನ ಸಾವು ಅದರ ಹಿಂದೆ ಇದೆಯೆಂದು ತಿಳಿದಾಗ ನನಗೆ ಆ ದೂರದ ಮನುಷ್ಯ ನಮ್ಮ ಗ್ರೂಪಿನವನೇ ಅನ್ನಿಸಿದ.

2022ರಲ್ಲಿ ಮಳೆ ನಿಲ್ಲಲೇ ಇಲ್ಲ. ಅಂಕಿ ಹಾಕುವ ಕೆಲಸವನ್ನು ನೆಲಮಂಗಲದವನು ಯಾರೂ ಹೇಳದೆ ತನ್ನ ಮೇಲೆ ಹಾಕಿಕೊಂಡಿದ್ದ. ಗಣೇಶನ ಹಬ್ಬದ ಬೆನ್ನಿಗೇ, 89 ವರ್ಷದ ಮೇಲೆ, ಮಾರಿಕಣಿವೆ ಕೋಡಿ ಬಿತ್ತು. ಹಿರಿಯೂರಿನ ಜನ ಬೈಕು, ಟ್ರ್ಯಾಕ್ಟರು, ಸಿಕ್ಕಿದ ಗಾಡಿ ಹತ್ತಿ ಕಣಿವೆಗೆ ಹೊರಟರು. ಮಾರಮ್ಮನಿಗೆ ಹಣ್ಣುಕಾಯಿ. ಮುದುಕಿಯರು ಕೋಡಿಯ ನೀರನ್ನು ತಲೆಗೆ ಚಿಮುಕಿಸಿಕೊಂಡರು. ಗ್ರೂಪಿನಲ್ಲಿ ಆ ಬೆಳಿಗ್ಗೆ ಬಂದ ಮೊದಲ ಮೆಸೇಜು ಅವನ ಹೆಸರು ಹಿಡಿದೇ ಇತ್ತು: "ಲೇ, 130 ಆಯ್ತು ಕಣೋ. ಕೋಡಿ ಬಿತ್ತು." ಕೆಳಗೆ ಯಾರೋ "130" ಎಂದು ಬರೆದರು. ಇನ್ನೊಬ್ಬರು "130". ವರ್ಷಗಳಿಂದ ಬಾಯಿ ಬಿಡದವರು, ಗ್ರೂಪಿನಲ್ಲಿ ಇದ್ದಾರೆಂಬುದೇ ನಮಗೆ ಮರೆತುಹೋದವರು, ಕೈಮುಗಿದ ಚಿತ್ರದ ಬದಲು ಆ ಅಂಕಿ ಹಾಕುತ್ತ ಹೋದರು. ಕಿರಿಯರು "ಅಣ್ಣಾ, 130" ಎಂದರು. ಪರದೆಯನ್ನು ಎಷ್ಟು ಎಳೆದರೂ 130, 130. 2025ರ ಜನವರಿಯಲ್ಲಿ ಮೂರನೇ ಸಲ ಕೋಡಿ ಬಿದ್ದಾಗಲೂ ಹಾಗೇ ಆಯಿತು.

ಹೀಗೆ ಪರದೆಯ ಮೇಲೆ ಕೂಡುವ ಗೆಳೆಯರನ್ನು ಕಂಡಾಗ ನನಗೆ ನಾರ್ವೆಯ ಮ್ಯಾಟ್ಸ್ ಸ್ಟೀನ್ ಎಂಬ ಹುಡುಗ ನೆನಪಾಗುತ್ತಾನೆ. ಸ್ನಾಯು ಸವೆಯುವ ರೋಗ, ಗಾಲಿಕುರ್ಚಿ ಬಿಟ್ಟು ಏಳುವಂತಿರಲಿಲ್ಲ, ಸದಾ ಕಂಪ್ಯೂಟರ್ ಆಟದಲ್ಲಿ ಮುಳುಗಿರುತ್ತಿದ್ದ. 2014ರಲ್ಲಿ, 25ನೇ ವಯಸ್ಸಿಗೆ, ತೀರಿಕೊಂಡ. ಮಗ ಒಂಟಿಯಾಗಿ ಬದುಕಿ ಒಂಟಿಯಾಗಿ ಹೋದ ಎಂದೇ ತಂದೆತಾಯಿ ಕೊರಗಿದ್ದರು. ಸುದ್ದಿ ತಿಳಿಸಿದ ಮೇಲೆ ಆಟದ ಗೆಳೆಯರ ಪತ್ರಗಳು ಬೇರೆಬೇರೆ ದೇಶಗಳಿಂದ ಬರತೊಡಗಿದವು. ನಿಮ್ಮ ಮಗ ನನ್ನ ಕಷ್ಟದಲ್ಲಿ ಜೊತೆಗಿದ್ದ, ನನ್ನ ಮಾತು ಕೇಳಿಸಿಕೊಂಡ ಎಂದು ಬರೆದವರು ಅವನನ್ನು ಒಮ್ಮೆಯೂ ಎದುರಿಗೆ ಕಂಡವರಲ್ಲ. ಕೆಲವರು ಅಂತ್ಯಕ್ರಿಯೆಗೂ ಬಂದರು. ತಮ್ಮ ಮಗ ಯಾರೆಂದು ಆ ತಂದೆತಾಯಿಗೆ ಆಗ ತಿಳಿಯಿತು. ಮನೆಯವರಿಗೆ ಸಿಕ್ಕುವುದು ಮನುಷ್ಯನ ಒಂದು ಪಾಲು, ಗೆಳೆಯರ ಕೈಲಿ ಇನ್ನೊಂದು ಪಾಲು ಉಳಿದಿರುತ್ತದೆ. ಅದನ್ನು ತಂದು ಮನೆಗೆ ಒಪ್ಪಿಸುವುದೇ ಹೋದವರಿಗೆ ಕೊಡುವ ದೊಡ್ಡ ಗೌರವ ಎಂದು ನಾನು ನಂಬಿದ್ದೇನೆ.

ಅದಕ್ಕೇ ನಾವು ಅವನ ದನಿ ಹುಡುಕಲು ಕೂತೆವು. ತಲುಪಿದ ಮೆಸೇಜುಗಳನ್ನು ಕಂಪನಿಯವರು ತಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ, ಇದ್ದರೆ ನಮ್ಮ ನಮ್ಮ ಫೋನಿನಲ್ಲೇ ಇರಬೇಕು. ಫೋನು ಬದಲಿಸಿದವರು, ಜಾಗ ಸಾಲದೆ ಅಳಿಸಿದವರು, ನೀರಿಗೆ ಬೀಳಿಸಿಕೊಂಡವರು ಹೀಗೆ ಬಹಳಷ್ಟು ಹೋಗಿದೆ. ಸಿಕ್ಕಿದ್ದನ್ನೆಲ್ಲ ಒಬ್ಬ ಪೆನ್‌ಡ್ರೈವಿಗೆ ಹಾಕಿದ. ಮೋಟಾರು ರೆಡಿ ಆಗಿದೆ ತಗೊಂಡೋಗು ಎಂಬ ಮಾತೇ ಹೆಚ್ಚು. ಒಂದರಲ್ಲಿ ಅವನು ಏನೂ ಹೇಳುವುದಿಲ್ಲ. ಕೈತಪ್ಪಿ ಒತ್ತಿದ್ದಿರಬೇಕು. ತಂತಿ ಸುತ್ತುವ ಸದ್ದು, ಅದರ ಜೊತೆ ಅವನ ಎಣಿಕೆ. ನಲವತ್ತೊಂದು, ನಲವತ್ತೆರಡು, ನಲವತ್ಮೂರು.

ಆ ಪೆನ್‌ಡ್ರೈವನ್ನು ಅವನ ಮಗಳಿಗೆ ಕೊಟ್ಟೆವು. ಚಿತ್ರದುರ್ಗದಲ್ಲಿ ಓದುವ ಹುಡುಗಿ. ತಾನೇ ಕೇಳಿ ಗ್ರೂಪಿಗೆ ಸೇರಿದಳು. ಮೊದಲ ದಿನವೇ ಬರೆದಳು: "ಅಂಕಲ್, ಅಪ್ಪ ಕುರುಕ್ಷೇತ್ರ ನಾಟಕದಲ್ಲಿ ಪಾರ್ಟು ಮಾಡಿದ್ರಂತೆ. ಯಾವ ಪಾರ್ಟು?"

ದುಶ್ಶಾಸನ ಎಂದ ಪೀಣ್ಯದವನು. ಅಲ್ಲ, ವಿದುರ, ಗಡ್ಡ ಕಳಚಿ ಬಿದ್ದು ಕೈಲಿ ಹಿಡಕೊಂಡೇ ಮಾತು ಹೇಳಿದ್ದ, ನಾನು ಮುಂದೇ ಕೂತಿದ್ದೆ ಎಂದ ದುಬೈಯವನು. ಮೇಷ್ಟ್ರೊಬ್ಬರು ಸಾತ್ಯಕಿ ಅಂದರು. ಊಟದ ಹೊತ್ತು ಕಳೆದರೂ ಜಗಳ ಹರಿಯಲಿಲ್ಲ. ಕೊನೆಗೆ ಹಾರ್ಮೋನಿಯಂ ಮೇಷ್ಟ್ರ ವಾಯ್ಸ್ ಮೆಸೇಜು ಬಂತು. "ಎರಡು ವರ್ಷ ಆಡಿದ್ದು ಕಣ್ರಪ್ಪ. ಮೊದಲ ವರ್ಷ ಸಾತ್ಯಕಿ, ಮುಂದಿನ ವರ್ಷ ವಿದುರ. ಶ್ರುತಿಗೆ ಕೂರೋ ಕಂಠ. ಫೋಟೋ ತೆಗೆದಿದ್ರು ಮಗಾ, ಸ್ಟುಡಿಯೋದವರು ಹಿರಿಯೂರಿಂದ ಬಂದಿದ್ರು." ಹುಡುಗಿ ತಕ್ಷಣ ಕೇಳಿದಳು, "ಯಾರ ಹತ್ರ ಇದೆ, ತಾತ?"

ನಮ್ಮ ಮನೆಯ ಟ್ರಂಕಿನಲ್ಲಿ ನಾಟಕದ ಫೋಟೋಗಳ ಒಂದು ಕವರು ಇರಬೇಕು. ಭಾನುವಾರ ಊರಿಗೆ ಹೋಗಿ ಹುಡುಕುತ್ತೇನೆ ಎಂದು ಬರೆದಿದ್ದೇನೆ.