ಬಣ್ಣ ಬೇಡ, ಕೈ ನೋಡು

ಭಾಗ 1/9

ಮೊದಲ ಫೋಟೋದಲ್ಲಿ ಇರೋದು ನಮ್ಮನೆ ಶೋಕೇಸ್ ಮೇಲಿನ ಹಲಗೆ. ಐದಡಿ ಉದ್ದ, ಒಂದಡಿ ಅಗಲ. ಅದರ ಮೇಲೆ ಮೂರು ಸಾಲು ಹಳಿ, ಎರಡು ಪಾಯಿಂಟ್, ಒಂದು ಎಂಜಿನ್, ಎಂಟು ವ್ಯಾಗನ್. ಅಷ್ಟೇ ನನ್ನ ರೈಲ್ವೆ.

ಸ್ಟೋರಿ ಹಾಕಿದಾಗ ನಿಮ್ಮಲ್ಲಿ ಅರ್ಧ ಜನ "ಇದೇನೋ ಮಕ್ಕಳಾಟ" ಅಂದ್ರಿ. ಇನ್ನರ್ಧ ಜನ "ಹೇಗೆ ಮಾಡಿದೆ, ನಮಗೂ ಹೇಳು" ಅಂದ್ರಿ. ಹೇಳ್ತೀನಿ. ಆದ್ರೆ ಇದನ್ನು ಹೇಳೋಕೆ ಹೊರಟ್ರೆ ಇನ್ನೊಂದು ವಿಷಯವನ್ನೂ ಹೇಳಲೇಬೇಕು. ನಿಮ್ಮ ಜೊತೆ ಒಂದೇ ಲ್ಯಾಬಲ್ಲಿ, ಒಂದೇ ಟೇಬಲ್ಲಲ್ಲಿ ಕೂತು ಒಂದು ವರ್ಷದಿಂದ ಮುಚ್ಚಿಟ್ಟುಕೊಂಡಿರೋ ವಿಷಯ ಅದು. ಉದ್ದ ಇದೆ. ಬಸ್ಸಲ್ಲಿ ಹೋಗುವಾಗ ಓದಿ.

ಭಾಗ 2/9

ನಾನು ಅರಸೀಕೆರೆಯವನು ಅಂತ ಗೊತ್ತಲ್ವಾ. ಜಂಕ್ಷನ್ ಊರು. ಬೆಂಗಳೂರು–ಹುಬ್ಬಳ್ಳಿ ಲೈನು ಹಾದುಹೋಗುತ್ತೆ, ಹಾಸನ–ಮೈಸೂರಿನ ಕಡೆಯ ಲೈನು ಇಲ್ಲೇ ಕವಲೊಡೆಯುತ್ತೆ. ಅಮ್ಮನ ತಮ್ಮ, ನಮ್ಮ ಮಾವ, ರೈಲ್ವೇಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಚಿಕ್ಕವನಿದ್ದಾಗ ಅವರ ಹೆಗಲ ಮೇಲೆ ಕೂತು ಗೂಡ್ಸ್ ವ್ಯಾಗನ್ ಎಣಿಸ್ತಿದ್ದೆ. ಐವತ್ತು ದಾಟಿದ್ರೆ ನಂಗೆ ಕಡ್ಲೆಮಿಠಾಯಿ.

ಹಾಗಾಗಿ ಡಿಪ್ಲೊಮಾ ಸೇರುವಾಗಲೇ ಲೆಕ್ಕ ಪಕ್ಕಾ ಇತ್ತು: ಇಲೆಕ್ಟ್ರಾನಿಕ್ಸ್ ಮುಗಿಸೋದು, ಅಸಿಸ್ಟೆಂಟ್ ಲೋಕೊ ಪೈಲಟ್ ಪರೀಕ್ಷೆ ಬರೆಯೋದು. ಹಳೇ ಪ್ರಶ್ನೆಪತ್ರಿಕೆ ಎಲ್ಲ ತಂದಿಟ್ಟಿದ್ದೆ.

ಐದನೇ ಸೆಮ್‌ನಲ್ಲಿ ತಲೆನೋವು ಅಂತ ಕಣ್ಣಿನ ಡಾಕ್ಟರ ಹತ್ರ ಹೋದೆ. "ಮುಂದೇನು ಮಾಡ್ತೀಯಪ್ಪಾ" ಅಂತ ಅವರು ಕೇಳಿದ್ರು. ಎದೆ ಉಬ್ಬಿಸಿ ಹೇಳಿದೆ. ಅವರು ಡ್ರಾಯರಿಂದ ಒಂದು ಪುಸ್ತಕ ತೆಗೆದ್ರು. ಪುಟದ ತುಂಬ ಬಣ್ಣದ ಚುಕ್ಕಿ, ಚುಕ್ಕಿಗಳ ನಡುವೆ ಒಂದು ಸಂಖ್ಯೆ. ಮೊದಲ ಪುಟದಲ್ಲಿ 12. ಥಟ್ ಅಂತ ಹೇಳಿದೆ, ಖುಷಿಯಾಯ್ತು.

ಎರಡನೇ ಪುಟದಲ್ಲಿ ಬರೀ ಚುಕ್ಕಿ. ಮೂರನೇ ಪುಟದಲ್ಲೂ ಬರೀ ಚುಕ್ಕಿ.

ಆಮೇಲೆ ಗೊತ್ತಾಯ್ತು, ಆ 12 ಎಲ್ಲರಿಗೂ ಕಾಣುತ್ತಂತೆ. ಪರೀಕ್ಷೆ ಹೇಗೆ ಅಂತ ತೋರಿಸೋಕೆ ಇಟ್ಟಿರೋ ಪುಟ ಅದು.

ಭಾಗ 3/9

ಕೆಂಪು–ಹಸಿರು ಬಣ್ಣಗುರುಡು. ಇಂಗ್ಲಿಷಲ್ಲಿ ಕಲರ್ ಬ್ಲೈಂಡ್ ಅಂತಾರಲ್ಲ, ಅದೇ. ಪ್ರಪಂಚ ಕಪ್ಪು–ಬಿಳುಪು ಕಾಣುತ್ತೆ ಅಂದ್ಕೋಬೇಡಿ. ನೀಲಿ, ಹಳದಿ ಚೆನ್ನಾಗೇ ಕಾಣುತ್ತೆ. ಕೆಂಪು, ಕಂದು, ಹಸಿರು, ಕಿತ್ತಳೆ ಮಾತ್ರ ಒಂದಕ್ಕೊಂದು ಅಂಟಿಕೊಂಡ ಹಾಗೆ. ಹುಟ್ಟಿನಿಂದ ಬಂದದ್ದು, ಸಾಮಾನ್ಯವಾಗಿ ಅಮ್ಮನ ಕಡೆಯಿಂದ ಎಕ್ಸ್ ಕ್ರೋಮೋಸೋಮಲ್ಲಿ ಬರುತ್ತೆ, ಅದಕ್ಕೇ ಗಂಡುಮಕ್ಕಳಲ್ಲೇ ಜಾಸ್ತಿ.

ಈಗ ನಿಮಗೆ ಒಂದೊಂದೇ ನೆನಪಾಗ್ತಿರಬೇಕು. ಲ್ಯಾಬಲ್ಲಿ ಎಲ್ಇಡಿ ಹತ್ತದೇ ಇದ್ದ ದಿನ ನೆನಪಿದೆಯಾ? 1 ಕಿಲೋ ಓಮ್ ರೆಸಿಸ್ಟರ್ ಅಂದ್ರೆ ಕಂದು–ಕಪ್ಪು–ಕೆಂಪು. 1 ಮೆಗಾ ಓಮ್ ಅಂದ್ರೆ ಕಂದು–ಕಪ್ಪು–ಹಸಿರು. ನಾನು ಸಾವಿರ ಪಟ್ಟು ದೊಡ್ಡದನ್ನ ಹಾಕಿ ಕೂತಿದ್ದೆ. ನೀವೆಲ್ಲ ನಕ್ರಿ, ನಾನೂ ನಕ್ಕೆ. "ನಿದ್ದೆ ಮಾಡ್ತಿದ್ದೆ ಕಣ್ರೋ" ಅಂದೆ. ನಿದ್ದೆ ಮಾಡ್ತಿರಲಿಲ್ಲ.

ಲೋಕೊ ಪೈಲಟ್ ಕೆಲಸಕ್ಕೆ ಎ-1 ಅನ್ನೋ ಅತಿ ಕಟ್ಟುನಿಟ್ಟಿನ ಮೆಡಿಕಲ್ ಇರುತ್ತೆ. ಕನ್ನಡಕ ಇಲ್ಲದೆ ಎರಡೂ ಕಣ್ಣಿಗೆ 6/6 ಬೇಕು, ಬಣ್ಣದ ಪರೀಕ್ಷೆ ಪಾಸಾಗಲೇಬೇಕು. ಓದಿ ದಾಟೋ ಪರೀಕ್ಷೆ ಅಲ್ಲ ಅದು. ಪ್ರಶ್ನೆಪತ್ರಿಕೆಗಳನ್ನ ಕಟ್ಟಿ ಅಟ್ಟಕ್ಕೆ ಹಾಕಿದೆ. ಮನೇಲಿ ತಂಗಿಗೆ ಮಾತ್ರ ಹೇಳಿದೆ.

ಭಾಗ 4/9

ರೈಲು ಓಡಿಸೋಕಾಗಲ್ಲ ಅಂದ್ಮೇಲೆ ಮೊದಲು ಮಾಡಿದ ಕೆಲಸ ಸೆಕೆಂಡ್ ಹ್ಯಾಂಡಲ್ಲಿ ಒಂದು ಎಚ್‌ಓ ಸೆಟ್ ತಗೊಂಡದ್ದು. ಹಟಕ್ಕೆ.

ಎಚ್‌ಓ ಅಂದ್ರೆ ಅಳತೆ 1:87. ನನ್ನ ಹತ್ತು ಸೆಂಟಿಮೀಟರ್ ವ್ಯಾಗನ್ ನಿಜದಲ್ಲಿ 8.7 ಮೀಟರ್ ಅಂತ ಲೆಕ್ಕ. ಹಳಿಗಳ ನಡುವೆ 16.5 ಮಿಲಿಮೀಟರ್. 87ರಿಂದ ಗುಣಿಸಿ ನೋಡಿ, 1435 ಮಿಲಿಮೀಟರ್ ಹತ್ರ ಬರುತ್ತೆ. ನಮ್ಮ ಮೆಟ್ರೋ ಓಡೋದು ಆ ಗೇಜಲ್ಲಿ. ಅರಸೀಕೆರೆ ಬ್ರಾಡ್‌ಗೇಜ್ 1676. ಅದಕ್ಕೆ ಸರಿಯಾಗಬೇಕು ಅಂದ್ರೆ ನನ್ನ ಹಳಿ 19.3 ಮಿಲಿಮೀಟರ್ ಇರಬೇಕಿತ್ತು. ಮಾವ ಸ್ಕೇಲ್ ಹಿಡಿದು ಅಳೆದು "ಇದು ನಮ್ಮ ಲೈನಲ್ಲ" ಅಂತ ತೀರ್ಪು ಕೊಟ್ರು.

ಮೊದಲು ಆಸೆ ಇದ್ದದ್ದು ಸಕಲೇಶಪುರದ ಘಾಟ್ ಮಾಡೋಕೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ, 50ಕ್ಕೆ 1ರ ಏರು. ಲೆಕ್ಕ ಹಾಕಿದೆ: 50ಕ್ಕೆ 1 ಅಂದ್ರೆ ಒಂದು ಮೀಟರ್ ಹಳಿಗೆ 2 ಸೆಂಟಿಮೀಟರ್ ಏರು. ಒಂದು ರೈಲಿನ ಮೇಲೆ ಇನ್ನೊಂದು ಹಾದುಹೋಗೋಕೆ ಏಳೂವರೆ ಸೆಂಟಿಮೀಟರ್ ಎತ್ತರ ಬೇಕು. ಅಂದ್ರೆ ಬರೀ ಏರಿಗೇ ಮೂರೂಮುಕ್ಕಾಲು ಮೀಟರ್ ಹಳಿ. ನಮ್ಮ ಹಾಲೇ ಅಷ್ಟಿಲ್ಲ.

ನೆಲದ ಮೇಲೆ ದುಂಡಗೆ ಹಳಿ ಜೋಡಿಸಿ ಓಡಿಸಿದೆ. ಹತ್ತು ನಿಮಿಷಕ್ಕೆ ಬೇಜಾರಾಯ್ತು. ಸುತ್ತುತ್ತೆ, ಸುತ್ತುತ್ತೆ, ಎಲ್ಲಿಗೂ ಹೋಗಲ್ಲ. ಆಗಿನ ನನ್ನ ತಲೆಯೊಳಗೂ ಅದೇ ನಡೀತಿತ್ತು.

ಭಾಗ 5/9

ಆಮೇಲೆ ಸಿಕ್ಕಿದ್ದು ಇಂಗಲ್‌ನುಕ್. ಅಲನ್ ರೈಟ್ ಅನ್ನೋ ಬ್ರಿಟಿಷ್ ಹವ್ಯಾಸಿ ಮಾಡಿದ ಪುಟ್ಟ ಯಾರ್ಡ್ ಆಟ. ನಿಮಗೆ ಜಾಗ ಇಲ್ಲ, ದುಡ್ಡಿಲ್ಲ ಅಂದ್ರೆ ಇದನ್ನೇ ಮಾಡಿ.

ಒಂದು ಸಾಲಲ್ಲಿ 5 ವ್ಯಾಗನ್ ಹಿಡಿಸಬೇಕು. ಉಳಿದೆರಡು ಸಾಲಲ್ಲಿ ಮೂರು ಮೂರು. ಎಂಜಿನ್ ಹಿಂದೆಮುಂದೆ ಆಡೋ ತುದಿಯಲ್ಲಿ ಎಂಜಿನ್ ಜೊತೆ 3 ವ್ಯಾಗನ್‌ಗಷ್ಟೇ ಜಾಗ. ಎಂಟು ವ್ಯಾಗನ್ ಹೆಸರು ಎಂಟು ಚೀಟಿಯಲ್ಲಿ ಬರೆದು ಕುಲುಕಿ, ಐದು ಎತ್ತಿ. ಎತ್ತಿದ ಅದೇ ಕ್ರಮದಲ್ಲಿ ಐದು ವ್ಯಾಗನ್ ಜೋಡಿಸಿ ರೈಲು ಹೊರಡಿಸಬೇಕು. ಕೈಯಲ್ಲಿ ಎತ್ತಿಡೋ ಹಾಗಿಲ್ಲ. 8×7×6×5×4, ಒಟ್ಟು 6720 ಬೇರೆ ಬೇರೆ ರೈಲು ಆ ಐದಡಿ ಹಲಗೆಯಲ್ಲೇ ಇದೆ.

ಕಟ್ಟಿದ್ದು ಹೇಗೆ ಅಂತ ಕೇಳಿದವರಿಗೆ: ಹಳಿ ಕೆಳಗಿನ ಜಲ್ಲಿ ಅಂದ್ರೆ ಟೀ ಸೋಸೋ ಜಾಲರಿಯಲ್ಲಿ ಜರಡಿ ಹಿಡಿದ ಮರಳು. ಫೆವಿಕಾಲ್ ಅರ್ಧ, ನೀರು ಅರ್ಧ, ಪಾತ್ರೆ ತೊಳೆಯೋ ಸೋಪಿನ ಒಂದು ಹನಿ. ಸೋಪು ಹಾಕದಿದ್ರೆ ಅಂಟು ಮರಳೊಳಗೆ ಇಳಿಯಲ್ಲ, ಮೇಲೇ ಮುತ್ತಿನ ಥರ ನಿಲ್ಲುತ್ತೆ. ಒಣಗಿಸಿದ ಟೀ ಚರಟವೇ ಮಣ್ಣು. ಹಳಿಗೆ ಧೂಳು ಕೂತ್ರೆ ಎಂಜಿನ್ ತಡವರಿಸುತ್ತೆ, ವಾರಕ್ಕೊಮ್ಮೆ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ.

ನಾನು ಕಷ್ಟಪಟ್ಟು ಬಳಿದ ಹಸಿರು ಹುಲ್ಲನ್ನ ನೋಡಿ ತಂಗಿ "ಅಣ್ಣಾ, ಇದು ಇಟ್ಟಿಗೆ ಬಣ್ಣ ಕಣೋ" ಅಂದ್ಲು. ಬೇಸಿಗೇಲಿ ಅರಸೀಕೆರೆ ಹೀಗೇ ಇರೋದು ಅಂತ ಹಾಗೇ ಬಿಟ್ಟೆ.

ಭಾಗ 6/9

ವೈರಿಂಗಲ್ಲಿ ಮಾತ್ರ ಹಾಗೇ ಬಿಡೋಕಾಗಲಿಲ್ಲ.

ಎಚ್‌ಓ ಎಂಜಿನ್‌ಗೆ 12 ವೋಲ್ಟ್ ಡಿಸಿ. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಅದಲುಬದಲು ಮಾಡಿದ್ರೆ ಎಂಜಿನ್ ಹಿಂದಕ್ಕೆ ಓಡುತ್ತೆ. ನಾನು ಪ್ರತಿ ಸಾಲಿಗೂ ಬೇರೆ ಬೇರೆ ಕರೆಂಟ್ ಕೊಡೋಣ ಅಂತ ನಡುವೆ ಪ್ಲಾಸ್ಟಿಕ್ ಜಾಯಿಂಟ್ ಹಾಕಿ, ಹಳೇ ಲ್ಯಾನ್ ಕೇಬಲ್ ಬಿಚ್ಚಿ ವೈರ್ ಎಳೆದೆ. ಲ್ಯಾನ್ ಕೇಬಲ್ ಒಳಗೆ ಕಿತ್ತಳೆ, ಹಸಿರು, ನೀಲಿ, ಕಂದು. ಯಾರಿಗೆ ಯಾವ ಬಣ್ಣ ಕೊಡಬಾರದೋ ಅವೇ ಬಣ್ಣ!

ಎಂಜಿನ್ ಒಂದನೇ ಸಾಲಲ್ಲಿ ಚೆನ್ನಾಗಿ ಓಡ್ತು. ಎರಡನೇ ಸಾಲಿನ ಜಾಯಿಂಟ್ ದಾಟ್ತಿದ್ದ ಹಾಗೆ ಟಕ್ ಅಂತ ನಿಂತ್ಬಿಡ್ತು. ಪವರ್ ಪ್ಯಾಕ್ ಕಟ್. ಮೂರು ದಿನ ಎಂಜಿನ್ ಬಿಚ್ಚಿ, ಮೋಟಾರ್ ಬಿಚ್ಚಿ ನೋಡಿದೆ. ನಾಲ್ಕನೇ ದಿನ ತಂಗಿ ಹಲಗೆ ಕೆಳಗೆ ಇಣುಕಿ "ಇಲ್ಲಿ ಹಸಿರು ಇರಬೇಕಿತ್ತಾ? ಕಂದು ಹಾಕಿದೀಯ" ಅಂದ್ಲು. ಎರಡನೇ ಸಾಲಿನ ಪ್ಲಸ್ಸು ಮೈನಸ್ಸು ತಿರುಗುಮುರುಗಾಗಿತ್ತು. ಚಕ್ರ ಎರಡೂ ಕಡೆ ಮುಟ್ಟಿದ ಕೂಡಲೇ ಶಾರ್ಟ್.

ಅವತ್ತು ರಾತ್ರಿ ಎಲ್ಲ ವೈರ್ ಕಿತ್ತು ಹಾಕಿದೆ. ಸಿಟ್ಟು ವೈರ್ ಮೇಲೆ ಅಲ್ಲ ಅಂತ ನಿಮಗೂ ಗೊತ್ತು. ಮಾರನೇ ದಿನ ಪ್ರತಿ ವೈರಿನ ಎರಡೂ ತುದಿಗೆ ಪೇಪರ್ ಟೇಪ್ ಸುತ್ತಿ ನಂಬರ್ ಬರೆದೆ. 1, 2, 3. ಮಲ್ಟಿಮೀಟರಲ್ಲಿ ಒಂದೊಂದೇ ಬೀಪ್ ಕೇಳಿಸಿಕೊಂಡು ಸೇರಿಸಿದೆ. ಬಣ್ಣ ನೋಡಲೇ ಇಲ್ಲ. ಒಂದೇ ಸಲಕ್ಕೆ ಓಡ್ತು.

ಭಾಗ 7/9

ಸಿಗ್ನಲ್‌ಗೆ ಕೆಂಪು–ಹಸಿರು ಎಲ್ಇಡಿ ಹಾಕಿದ್ರೆ ನನಗೇ ಗೊತ್ತಾಗಲ್ಲ. ಹಾಗಾಗಿ ಹಳೇ ಕಾಲದ ಸೆಮಾಫೋರ್ ಮಾಡಿದೆ. ಕೈ ಅಡ್ಡ ಇದ್ರೆ ನಿಲ್ಲು, ಕೈ ಕೆಳಗೆ ಬಿದ್ರೆ ಹೋಗು. ಕಂಬಕ್ಕೆ ಬಿದಿರು ಕಡ್ಡಿ, ಕೈಗೆ ಮೊಸರು ಡಬ್ಬಿಯ ಮುಚ್ಚಳ, ಕೀಲಿಗೆ ಗುಂಡುಪಿನ್ನು. ನಿಜವಾದ ಸಿಗ್ನಲಲ್ಲಿ ಎಳೆಯೋ ತಂತಿ ತುಂಡಾದ್ರೆ ಕೈ ತಾನಾಗೇ ಅಡ್ಡಕ್ಕೆ, ಅಂದ್ರೆ "ನಿಲ್ಲು"ಗೆ ಬರೋ ಹಾಗೆ ತೂಕ ಕಟ್ಟಿರ್ತಾರೆ. ನಾನು ದಾರದ ಜೊತೆ ಒಂದು ಎಂ3 ನಟ್ ಕಟ್ಟಿದೆ. ದಾರ ಕತ್ತರಿಸಿ ನೋಡಿದೆ, ಕೈ ಅಡ್ಡ ಬಂತು. ಕೆಟ್ಟಾಗಲೂ ಸುರಕ್ಷಿತವಾಗೇ ಕೆಡಬೇಕು ಅನ್ನೋ ಯೋಚನೆ ಎಷ್ಟು ಚೆನ್ನಾಗಿದೆ ನೋಡಿ.

ಮಾವ ಅದನ್ನ ನೋಡಿ "ದೀಪದ ಸಿಗ್ನಲ್ ಯಾಕೆ ಹಾಕಲಿಲ್ಲ?" ಅಂದ್ರು. ಆಗ ಹೇಳಿಬಿಟ್ಟೆ.

ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಎದ್ದು ನಿಂತು ಶಂಟಿಂಗ್ ಸಿಗ್ನಲ್ ಕಲಿಸೋಕೆ ಶುರು ಮಾಡಿದ್ರು. ಹಗಲಲ್ಲಿ ಒಂದು ತೋಳು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದ್ರೆ, ನನ್ನಿಂದ ದೂರ ಹೋಗು. ಮೈ ಮುಂದೆ ಅಡ್ಡಡ್ಡ ಆಡಿಸಿದ್ರೆ, ನನ್ನ ಕಡೆ ಬಾ. "ಬಣ್ಣ ಬೇಡ, ಕೈ ನೋಡು" ಅಂದ್ರು.

ನನಗೆ ಎಲ್ಲಿಲ್ಲದ ಧೈರ್ಯ ಬಂತು. "ಹಾಗಿದ್ರೆ ನಾನೂ ಓಡಿಸಬಹುದಿತ್ತಲ್ಲ ಮಾವ, ರೂಲ್ಸೇ ಅನ್ಯಾಯ" ಅಂದೆ.

ಮಾವ ಕೈ ಕೆಳಗಿಳಿಸಿದ್ರು. "ರಾತ್ರಿ ಕೈ ಕಾಣಲ್ಲ ಕಣೋ. ದೀಪ ಹಿಡೀತೀವಿ. ಸೆಮಾಫೋರ್‌ಗೂ ರಾತ್ರಿ ದೀಪಾನೇ ಇದ್ದದ್ದು. ಮಳೇಲಿ, ಎರಡು ವ್ಯಾಗನ್ ಮಧ್ಯ ನಾನು ನಿಂತು ಕೆಂಪು ತೋರಿಸ್ತಿದೀನಿ ಅಂದ್ಕೋ. ಎಂಜಿನಲ್ಲಿ ನೀನಿದ್ರೆ ನಾನು ಅಲ್ಲಿ ನಿಲ್ಲಲ್ಲ."

ಅಮ್ಮ ಅಡುಗೆಮನೆಯಿಂದ "ಮಗೂಗೆ ಹಾಗೆಲ್ಲ ಅಂತಾರೇನೋ" ಅಂತ ಬೈದ್ಲು. ಆದ್ರೆ ಮಾವ ಹೇಳಿದ್ದೇ ಸರಿ.

ಭಾಗ 8/9

ಈ ಪರೀಕ್ಷೆ ಶುರುವಾದ ಕತೆ ಆಮೇಲೆ ಓದಿದೆ. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡ ಅನ್ನೋ ಕಡೆ ಎರಡು ರೈಲು ಡಿಕ್ಕಿ ಆಯ್ತು. ಹೋಲ್ಮ್‌ಗ್ರೆನ್ ಅನ್ನೋ ವಿಜ್ಞಾನಿ, ಬಣ್ಣ ತಪ್ಪಾಗಿ ಕಂಡದ್ದೂ ಕಾರಣ ಇರಬಹುದು ಅಂತ ಹೇಳಿ, ಬಣ್ಣಬಣ್ಣದ ಉಣ್ಣೆ ಎಳೆ ಕೊಟ್ಟು "ಇದಕ್ಕೆ ಹೊಂದೋದನ್ನ ಆರಿಸಿ" ಅಂತ ರೈಲ್ವೆ ನೌಕರರನ್ನ ಪರೀಕ್ಷೆ ಮಾಡಿದ. ಚುಕ್ಕಿ ಪುಸ್ತಕ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ, 1917ರಲ್ಲಿ, ಜಪಾನಿನ ಇಶಿಹಾರ ಅನ್ನೋ ಡಾಕ್ಟರಿಂದ.

ಅಂದ್ರೆ ನನ್ನನ್ನ ಹೊರಗಿಟ್ಟ ಪುಸ್ತಕದ ಹಿಂದೆ ಹಳಿ ಮೇಲೆ ಸತ್ತವರಿದ್ದಾರೆ. ಅದು ಗೊತ್ತಾದ ಮೇಲೆ ಬೇಜಾರು ಹೋಗಲಿಲ್ಲ. ನಿಜ ಹೇಳ್ತೀನಿ, ಈಗಲೂ ರಾತ್ರಿ ಗೂಡ್ಸ್ ಹಾರ್ನ್ ಕೇಳಿದ್ರೆ ಹೊಟ್ಟೇಲಿ ಏನೋ ಆಗುತ್ತೆ. ಆದ್ರೆ "ನನಗೆ ಅನ್ಯಾಯ ಆಯ್ತು" ಅನ್ನೋದು ಹೋಯ್ತು. ಎರಡೂ ಬೇರೆ ಬೇರೆ ಅಂತ ಈಗ ಗೊತ್ತು.

ಶನಿವಾರ ಸಂಜೆ ನಮ್ಮನೇಲಿ ಯಾರ್ಡ್ ಓಪನ್. ತಂಗಿ ಚೀಟಿ ಎತ್ತುತ್ತಾಳೆ. ಮಾವ ಹಲಗೆ ತುದೀಲಿ ನಿಂತು ಕೈ ತೋರಿಸ್ತಾರೆ. ನಾನು ಕಂಟ್ರೋಲರ್ ಹಿಡಿದು ಎಂಜಿನ್ ತೆವಳಿಸ್ತೀನಿ. ವ್ಯಾಗನ್ ಕೊಂಡಿ ಬಿಡಿಸೋಕೆ ಬಿದಿರು ಕಡ್ಡಿ. ಜೋರಾಗಿ ಗುದ್ದಿದ್ರೆ ಮಾವ ಆಟಾನೇ ನಿಲ್ಲಿಸ್ತಾರೆ: "ಮಧ್ಯ ನಾನಿದೀನಿ, ಮರೀಬೇಡ." ಮರೆಯಲ್ಲ. ಐದು ವ್ಯಾಗನ್ ಸರಿಯಾದ ಕ್ರಮದಲ್ಲಿ ನಿಂತ್ರೆ ತಂಗಿ ದಾರ ಎಳೀತಾಳೆ, ಮೊಸರು ಡಬ್ಬಿ ಕೈ ಕೆಳಗೆ ಬೀಳುತ್ತೆ, ರೈಲು ಹೊರಡುತ್ತೆ. ಒಂದೂವರೆ ಅಡಿ ಹೋಗಿ ನಿಲ್ಲುತ್ತೆ. ಸುತ್ತೋದಿಲ್ಲ. ಆದ್ರೂ ಎಲ್ಲಿಗೋ ಹೋಗಿ ಬಂದ ಹಾಗಿರುತ್ತೆ.

ಭಾಗ 9/9

ಕೊನೇ ಫೋಟೋ ನನ್ನ ವೈರಿಂಗ್. ಎಲ್ಲ ವೈರಿಗೂ ನಂಬರ್. ಮೊದಲು ನೋಡಿದವರು "ಎಷ್ಟು ನೀಟು" ಅಂದ್ರಿ. ನೀಟಿಗಲ್ಲ, ನನಗೆ ಬೇಕಾಗಿದ್ದಕ್ಕೆ ಹಾಗೆ ಮಾಡಿದ್ದು. ಆದ್ರೆ ಈಗ ಯಾರು ಬೇಕಾದ್ರೂ ರಿಪೇರಿ ಮಾಡಬಹುದು, ನೋಡಿ.

ಎರಡು ಮಾತು, ಆಮೇಲೆ ಬಿಡ್ತೀನಿ.

ನಿಮ್ಮಲ್ಲಿ ಯಾರಾದ್ರೂ ಲೋಕೊ ಪೈಲಟ್ ಪರೀಕ್ಷೆಗೆ ಓದ್ತಿದ್ರೆ, ಕೋಚಿಂಗ್ ಫೀಸ್ ಕಟ್ಟೋ ಮುಂಚೆ ಹೋಗಿ ಕಣ್ಣು ತೋರಿಸ್ಕೊಳ್ಳಿ. ಚುಕ್ಕಿ ಪುಸ್ತಕ ಕೇಳಿ. ಹತ್ತು ನಿಮಿಷದ ಕೆಲಸ. ಮೊದಲ ಪುಟದ 12 ನೋಡಿ ನನ್ನ ಥರ ಎದ್ದು ಕುಣೀಬೇಡಿ.

ಇನ್ನೊಂದು, ನನ್ನ ಬ್ಯಾಚಿನವರಿಗೆ. ಇನ್ಮೇಲೆ ಲ್ಯಾಬಲ್ಲಿ ನಾನು ರೆಸಿಸ್ಟರ್ ಹಿಡ್ಕೊಂಡು "ಇದು ಯಾವುದೋ?" ಅಂದ್ರೆ ನಗಬೇಕಿದ್ರೆ ನಗಿ, ಪರವಾಗಿಲ್ಲ. ಆದ್ರೆ ಬಣ್ಣ ಹೇಳ್ಬೇಡಿ. ಎಷ್ಟು ಓಮ್ ಅಂತ ಹೇಳಿ.

ಶನಿವಾರ ಬರೋರು ಕಾಮೆಂಟಲ್ಲಿ ಐದು ನಂಬರ್ ಹಾಕಿ, 1ರಿಂದ 8ರೊಳಗೆ, ನಿಮಗಿಷ್ಟ ಬಂದ ಕ್ರಮದಲ್ಲಿ. ಆ ರೈಲು ಕಟ್ಟಿ ಇಟ್ಟಿರ್ತೀನಿ.

#ಐದಡಿರೈಲ್ವೆ #ಅರಸೀಕೆರೆ #ಪುಟ್ಟರೈಲು