ಕಾರಿಲ್ಲದ ಊರಲ್ಲಿ ಸ್ಕೀ ರಜೆ

ಸ್ಕೀ ರಜೆ ಅಂದರೆ ರಾತ್ರಿಯಿಡೀ ಪಾರ್ಟಿ ಅಂದುಕೊಂಡವರು ಸ್ವಿಟ್ಜರ್ಲೆಂಡಿನ ಮ್ಯೂರನ್‌ಗೆ ಹೋದರೆ ಮರುದಿನವೇ ಗಂಟುಮೂಟೆ ಕಟ್ಟಿಯಾರು. 1,638 ಮೀಟರ್ ಎತ್ತರದ ಈ ಊರಿಗೆ ಪ್ರವಾಸಿಗರ ಕಾರು ಹತ್ತುವುದಿಲ್ಲ. ಕೆಳಗಿನ ಕಣಿವೆಯಿಂದ ಕೇಬಲ್ ಕಾರಿನಲ್ಲೇ ಬರಬೇಕು. ಹಾಗಾಗಿ ಮಕ್ಕಳು ಬೀದಿಯಲ್ಲೇ ಸ್ಲೆಡ್ಜ್ ಎಳೆದುಕೊಂಡು ಓಡಬಹುದು, "ಗಾಡಿ ಬಂತು, ಪಕ್ಕಕ್ಕೆ ಬಾರೋ" ಅಂತ ಯಾರೂ ಕೂಗಬೇಕಿಲ್ಲ. ಎದುರಿಗೆ ಐಗರ್, ಮೋಂಖ್, ಯುಂಗ್‌ಫ್ರೌ ಶಿಖರಗಳು ಸಾಲಾಗಿ ನಿಂತಿರುತ್ತವೆ.

ಆದರೆ ಇನ್ನೂ ಕಲಿಯಬೇಕಾದ ಪುಟಾಣಿಗಳಿದ್ದರೆ ನನ್ನ ಮತ ಕಣಿವೆಯ ಆಚೆ ಬದಿಯ ವೆಂಗನ್‌ಗೆ. ಅಲ್ಲೂ ಕಾರಿಲ್ಲ, ಹಲ್ಲುಗಾಲಿಯ ರೈಲು ಹತ್ತಿ ಹೋಗಬೇಕು. ಮಕ್ಕಳ ಇಳಿಜಾರು ಊರ ನಡುವೆಯೇ ಇದೆ. ಸ್ಕೀ ತುದಿಗಳನ್ನು ಹತ್ತಿರ ತಂದು ಹಿಂಬದಿ ಅಗಲಿಸಿದರೆ ವೇಗ ತಗ್ಗುತ್ತದೆ. ಮಕ್ಕಳಿಗೆ ಈ ಆಕಾರವನ್ನು "ಪಿಜ್ಜಾ" ಅಂತ ಹೇಳಿಕೊಡುತ್ತಾರೆ, ತಕ್ಷಣ ಅರ್ಥವಾಗುತ್ತದೆ. ನಿಜವಾದ ವ್ಯಾಯಾಮ ಅಪ್ಪ ಅಮ್ಮಂದಿರದು: ಹಿಮದಲ್ಲಿ ಮಂಡಿಯೂರಿ ಆ ಗಟ್ಟಿ ಪ್ಲಾಸ್ಟಿಕ್ ಬೂಟಿನ ಬಕಲ್ ಹಾಕಿ ಮುಗಿಸುವಷ್ಟರಲ್ಲಿ "ಅಮ್ಮಾ, ಸೂಸು" ಅನ್ನುತ್ತದೆ ಮಗು.

ಅಂದಹಾಗೆ, ಬಾವುಟದ ಕಂಬಗಳ ನಡುವೆ ಓಲಾಡುತ್ತಾ ಇಳಿಯುವ ಆಧುನಿಕ ಸ್ಲಾಲಮ್ ಸ್ಪರ್ಧೆ ಮೊದಲು ನಡೆದದ್ದು 1922ರಲ್ಲಿ, ಇದೇ ಮ್ಯೂರನ್‌ನಲ್ಲಿ. ಅದನ್ನು ಏರ್ಪಡಿಸಿದ ಬ್ರಿಟಿಷ್ ಸಾಹೇಬ ಆರ್ನಾಲ್ಡ್ ಲನ್ ಹುಟ್ಟಿದ್ದು ಎಲ್ಲಿ ಗೊತ್ತೇ? ಹಿಮದ ಸುಳಿವೇ ಇಲ್ಲದ ಮದರಾಸಿನಲ್ಲಿ, 1888ರ ಏಪ್ರಿಲ್ ಬಿಸಿಲಲ್ಲಿ!