ಹೇಳಿ ದಣಿದವರು, ಕೇಳಿ ದಣಿದವರು

ನ್ಯಾಯ ಸಿಕ್ಕರೆ ಗಾಯ ಮಾಯುತ್ತೆ ಅಂತ ನಾವೆಲ್ಲ ಸಲೀಸಾಗಿ ಹೇಳಿಬಿಡುತ್ತೇವೆ. ಪುಣೆಗೆ ಓದಲು ಬಂದ ಮೇಲೆ ಈ ಮಾತನ್ನು ಹತ್ತಿರದಿಂದ ನೋಡುವ ಸಂದರ್ಭ ನನಗೆ ಒದಗಿತು. ನ್ಯಾಯದ ದಾರಿ ಬೇರೆ, ಗಾಯ ಮಾಯುವ ದಾರಿ ಬೇರೆ. ಎರಡೂ ಬೇಕು.

1972ರ ಮಾರ್ಚ್ 26ರ ರಾತ್ರಿ. ಆಗಿನ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆ. ತಂದೆತಾಯಿ ಇಲ್ಲದ, ಕೂಲಿ ಮಾಡಿ ಬದುಕುತ್ತಿದ್ದ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಠಾಣೆಯ ಆವರಣದಲ್ಲೇ ಅತ್ಯಾಚಾರ ನಡೆಯಿತು. ಸೆಷನ್ಸ್ ಕೋರ್ಟು ಪೊಲೀಸರನ್ನು ಬಿಟ್ಟಿತು, ಹೈಕೋರ್ಟು ಶಿಕ್ಷಿಸಿತು, 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಮೈಮೇಲೆ ಗಾಯದ ಗುರುತಿಲ್ಲ, ಆದ್ದರಿಂದ ಅವಳು ಪ್ರತಿಭಟಿಸಿಲ್ಲ ಅನ್ನುವುದು ತರ್ಕ. ಗಾಯ ಅಂದ್ರೆ ಮೈಮೇಲೆ ಕಾಣುವುದು ಮಾತ್ರವೇ?

1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಮತ್ತು ಪುಣೆಯ ವಸುಧಾ ಧಗಮ್‌ವಾರ್ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ದೇಶದ ತುಂಬ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನೇ ಬದಲಾಯಿತು. ಪೊಲೀಸರ ವಶದಲ್ಲಿದ್ದವಳು 'ನಾನು ಒಪ್ಪಿರಲಿಲ್ಲ' ಅಂದರೆ ಕೋರ್ಟು ಹಾಗೆಯೇ ಭಾವಿಸಬೇಕು ಅಂತಾಯಿತು. ಇಂಥವಳ ಹೆಸರನ್ನು ಅಚ್ಚು ಮಾಡಕೂಡದು ಅಂತಲೂ ಆಯಿತು. ಅಷ್ಟರಲ್ಲಿ ಆ ಹುಡುಗಿಯ ಹೆಸರು ಎಲ್ಲರ ಬಾಯಲ್ಲಿತ್ತು, ಇವತ್ತಿಗೂ ಕಾನೂನಿನ ಪುಸ್ತಕಗಳಲ್ಲಿದೆ. ನಾನಿಲ್ಲಿ ಬರೆಯುವುದಿಲ್ಲ. ಎಲ್ಲರಿಗೂ ಉಪಕಾರವಾದ ಆ ಹೋರಾಟದಲ್ಲಿ ಅವಳ ಪಾಲಿನ ತೀರ್ಪು ಮಾತ್ರ ಬದಲಾಗಲಿಲ್ಲ.

ದೂರದ ಚಂದ್ರಪುರವೇ ಯಾಕೆ? ನಾನು ಕೊಳ್ಳೇಗಾಲದ ಕಡೆಯವಳು. ವೀರಪ್ಪನ್ ಹುಡುಕಾಟದ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಸೋಲಿಗರೂ ಬೇರೆ ಬಡವರೂ ಕಾರ್ಯಪಡೆಯ ಚಿತ್ರಹಿಂಸೆಗೆ ಸಿಕ್ಕರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನೇಮಿಸಿದ ಸದಾಶಿವ ಸಮಿತಿಯ ಮುಂದೆ ಬಂದು ನಿಂತು ಹೇಳಿದರು. 2007ರಲ್ಲಿ ಎರಡೂ ರಾಜ್ಯಗಳ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಬಂತು. ಬರಲೇಬೇಕಿತ್ತು, ಬಂತು. ಆದರೆ ರಾತ್ರಿ ಜೀಪಿನ ಸದ್ದಿಗೆ ಎದೆ ಹಾರುವುದನ್ನು ಯಾವ ಚೆಕ್ಕು ನಿಲ್ಲಿಸೀತು?

ಇಲ್ಲಿ ಪುಣೆಯಲ್ಲಿ ಶನಿವಾರಗಳಂದು ನಾನೊಂದು ಹೆಂಗಸರ ಗುಂಪಿನ ಜೊತೆ ಕೂರುತ್ತೇನೆ. ಮುಳಶಿ, ಮಾವಳದ ಕಡೆಯಿಂದ ಕಾತ್ಕರಿ ಹೆಂಗಸರೂ ಬರುತ್ತಾರೆ. ಅಲ್ಲಿನ ಹಿರಿಯಳನ್ನು ಎಲ್ಲರೂ 'ತಾಯೀ' ಅಂತಾರೆ. ಮರಾಠಿಯಲ್ಲಿ ಅಕ್ಕ ಅಂತ ಅರ್ಥ, ನನ್ನ ಕಿವಿಗೆ ಅದು ತಾಯಿಯೇ. ಬಂದವಳಿಗೆ ತಾಯೀ ಮೊದಲು ನೀರು, ಆಮೇಲೆ ಚಹಾ ಕೊಡುತ್ತಾಳೆ. ಬಾಗಿಲು ಕಾಣುವ ಹಾಗೆ ಕೂರಿಸುತ್ತಾಳೆ, ಬೇಕೆಂದಾಗ ಎದ್ದು ಹೋಗಬಹುದು ಅಂತ ಅವಳಿಗೆ ಗೊತ್ತಿರಲಿ ಅಂತ. "ಇವತ್ತು ಮಾತಾಡ್ತೀಯೋ, ಸುಮ್ನೆ ಕೂತಿರ್ತೀಯೋ?" ಇದು ಮೊದಲ ಪ್ರಶ್ನೆ. ತಾರೀಕು, ಹೆಸರು, ಜಾಗ ಎಲ್ಲ ಆಮೇಲೆ. ಠಾಣೆ, ಆಸ್ಪತ್ರೆ, ಕೋರ್ಟು ಎಲ್ಲ ಕಡೆ 'ಹೇಳು, ಹೇಳು' ಅನ್ನಿಸಿಕೊಂಡವಳಿಗೆ ಸುಮ್ಮನಿರುವ ಹಕ್ಕು ಸಿಗುವುದೇ ಒಂದು ಔಷಧಿ. 2014ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಹೊರಡಿಸಿದ ಮಾರ್ಗಸೂಚಿಯೂ ಸಾಕ್ಷ್ಯ ಸಂಗ್ರಹದ ಜೊತೆಗೆ ಮನಸ್ಸಿನ ಆರೈಕೆ ಆಸ್ಪತ್ರೆಯ ಕೆಲಸ ಅಂತ ಹೇಳುತ್ತದೆ.

ಇನ್ನು ಕೇಳುವವರ ಪಾಡು. ಶುರುವಿನ ದಿನಗಳಲ್ಲಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ತಾಯೀ ಅಂದಳು: "ಕೇಳಿದ್ದನ್ನೆಲ್ಲ ಹೊತ್ಕೊಂಡು ಹೋದ್ರೆ ನೀನು ನಾಲ್ಕು ತಿಂಗಳು ಬಾಳೋದಿಲ್ಲ. ಅವಳಿಗೆ ನಾಲ್ಕು ವರ್ಷ ಜೊತೆ ಬೇಕು." ಅದಕ್ಕೇ ಒಬ್ಬರೇ ಕೇಳುವ ಹಾಗಿಲ್ಲ, ಇಬ್ಬಿಬ್ಬರು. ಕೊನೆಗೆ ನಾವು ನಾವೇ ಕೂತು, ಹೆಸರೆತ್ತದೆ, ಮನಸ್ಸಿನ ಭಾರ ಹೇಳಿಕೊಳ್ಳುತ್ತೇವೆ. ಸಂಜೆ ಒಬ್ಬೊಬ್ಬ ಸಲ ವೇತಾಳ ಟೇಕಡಿ ಹತ್ತಿ ಇಳಿಯುತ್ತೇವೆ. ಇದು ಐಷಾರಾಮವಲ್ಲ. ಮುಂದಿನ ಶನಿವಾರಕ್ಕೆ ತಯಾರಿ.

ಆದರೆ ಟೇಕಡಿ ಹತ್ತಿ ಹಾಸ್ಟೆಲಿಗೆ ಮರಳುವ ಸವಲತ್ತು ನನ್ನದು. ತನ್ನದೇ ಹಾಡಿಯ ಹೆಂಗಸಿಗಾಗಿ ಓಡಾಡುವ ಆದಿವಾಸಿ ಹುಡುಗಿಗೆ ಎಲ್ಲಿಯ ರಜೆ? ಅವಳು ಕೇಳುವವಳೂ ಹೌದು, ನೊಂದವಳೂ ಹೌದು. ಹಿಂಸೆ ಮಾಡಿದವನು ದಿನವೂ ಅದೇ ದಾರಿಯಲ್ಲಿ ಎದುರಾಗುತ್ತಾನೆ. ಅವಳಿಗೆ 'ವಿಶ್ರಾಂತಿ ತಗೋ' ಅಂದರೆ ಸಾಲದು, ಅವಳ ಕೆಲಸಕ್ಕೆ ಇನ್ನೊಂದು ಹೆಗಲು ಬೇಕು, ಬಸ್ಸಿನ ಕಾಸು ಬೇಕು, ಜೊತೆಗೆ ತನ್ನವರ ನಡುವೆ ಭಯವಿಲ್ಲದೆ ನಗುವ ಒಂದು ರಾತ್ರಿ ಬೇಕು. ನಮ್ಮ ಸೋಲಿಗರ ರೊಟ್ಟಿ ಹಬ್ಬ, ಗೊರುಕನ ಕುಣಿತ ಕಂಡವರಿಗೆ ಇದು ಗೊತ್ತು. ಹಾಡಿದರೆ ನೋವು ಮಾಯವಾಗುತ್ತೆ ಅಂತ ನಾನು ಹೇಳುತ್ತಿಲ್ಲ. ಹಿಂಸೆ ಮನುಷ್ಯರನ್ನು ಒಂಟಿ ಮಾಡುತ್ತದೆ, ಹೆಜ್ಜೆ ಹಾಕುವ ಸಾಲು ಮತ್ತೆ ಕೈ ಹಿಡಿದು ಒಳಗೆ ಕರೆದುಕೊಳ್ಳುತ್ತದೆ, ಅಷ್ಟೆ.

ಗೆಳೆಯರೇ, ನಾವು ಮೆರವಣಿಗೆ ಮಾಡೋಣ, ಘೋಷಣೆ ಕೂಗೋಣ. ಕಾನೂನು ಬದಲಾದದ್ದೇ ಹಾಗೆ. ಆದರೆ ಮೆರವಣಿಗೆ ಮುಗಿದ ಸಂಜೆ ಅವಳ ಜೊತೆ ಯಾರು ಊಟಕ್ಕೆ ಕೂತರು, ಅವಳಿಗಾಗಿ ಓಡಾಡಿದವಳಿಗೆ ಯಾರು ಬಡಿಸಿದರು, ಇದನ್ನೂ ಕೇಳೋಣ.